ಮುಚ್ಚಳದ ಜೊತೆ ಬಂದ ಕಾಗದ

ಎವಿಯಾ ದ್ವೀಪ
14 ಸೆಪ್ಟೆಂಬರ್ 2003

ಮಾವನವರಿಗೆ,

ನೀವು ಬಸ್ಸಿಗೆ ಹಾಕಿ ಕಳಿಸಿದ ಒಲೆ ಒಂದು ಗೀರೂ ಬೀಳದೆ ತಲುಪಿತು. ಅದಕ್ಕೆ ಎಷ್ಟು ಕಂಬಳಿ ಸುತ್ತಿದ್ದಿರೆಂದರೆ ಕಾಫಿ ಅಂಗಡಿಯವನು, "ಒಳಗೇನು ಕುರಿಮರಿ ಇದ್ಯಾ?" ಎಂದು ಕೇಳಿದ. ನಾವು ವಾಸವಿರುವ ವ್ಯಾನಿನ ಹಿಂಬಾಗಿಲ ಪಕ್ಕ, ಬೇಸಿಗೆಯಲ್ಲಿ ನೀವೇ ಬಂದು ತಗಡು ಹೊಡೆದು ಹೋದ ಮೂಲೆಯಲ್ಲಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿದೆ. ಮೇಲೆ ಎರಡು ಉರಿ, ಕೆಳಗೆ ಪುಟ್ಟ ಓವನ್. ನನ್ನ ದೊಡ್ಡ ತಟ್ಟೆ ಅದರಲ್ಲಿ ಹಿಡಿಸುವುದಿಲ್ಲ. ಅತ್ತೆ ಕೊಟ್ಟ ಚಿಕ್ಕದು ಹಿಡಿಸುತ್ತದೆ.

ಹೋದ ಭಾನುವಾರ ಚೀಸ್ ತುಂಬಿ ಪೈ ಮಾಡಿದೆ. ಅಡಿ ಕರಕಲು, ಮೇಲ್ಗಡೆ ಹಸಿ. ನಿಮ್ಮ ಮಗ ಚಾಕು ಹಿಡಿದು ಕೂತು, "ಕೆಳಗೆ ಇದ್ದಿಲು, ಮೇಲೆ ಹಿಟ್ಟು. ಮಧ್ಯೆ ಎಲ್ಲೋ ಪೈ ಇರ್ಬೇಕು, ತಾಳು ಹುಡುಕ್ತೀನಿ" ಅಂದ. ಹುಡುಕುತ್ತ ಹುಡುಕುತ್ತ ಪೂರ್ತಿ ತಿಂದ.

ಜೇನುಪೆಟ್ಟಿಗೆಗಳು ನೂರಾಹತ್ತೂ ಚೆನ್ನಾಗಿವೆ. ಹುಳುಗಳಿಗೆ ಸಿಹಿರಸ ಕೊಡುವ ಪೈನ್ ಮರಗಳು ಈ ಸಲ ಕೈಬಿಟ್ಟಿಲ್ಲ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಒಲೆಯ ಮೇಲೆ ಚಾವಣಿಗೆ ನೀವು ಕೊರೆದ ಗಾಳಿಕಂಡಿ ಇದೆಯಲ್ಲ, ಮಳೆ ಬಂದರೆ ಅದರ ಅಂಚಿನಿಂದ ನೀರು ಹರಿದು ಬಂದು ಸರಿಯಾಗಿ ನನ್ನ ದಿಂಬಿಗೇ ತೊಟ್ಟಿಕ್ಕುತ್ತದೆ. ಕೊಸ್ಮಾಸ್ ಆಚೆ ಬದಿ ಮಲಗುತ್ತಾನೆ. "ನನ್ಮೇಲೆ ಬೀಳ್ತಿಲ್ವಲ್ಲ" ಅನ್ನುತ್ತಾನೆ. ಒಳಗಿನಿಂದ ಮುಚ್ಚುವಂಥ ಒಂದು ಮುಚ್ಚಳ ಮಾಡಿಕೊಡುತ್ತೀರಾ?

ಅವನು ಬರೆಯುವುದಿಲ್ಲವಂತೆ. "ಕೈಯೆಲ್ಲ ಜೇನು, ಕಾಗದ ಅಂಟ್ಕೊಳತ್ತೆ ಅಂತ ಅಪ್ಪನಿಗೆ ಹೇಳು" ಅಂದ.

ನಿಮ್ಮ ಸೊಸೆ
ದೆಸ್ಪಿನಾ


ಅಮಿಂದಿಯೋ
29 ಸೆಪ್ಟೆಂಬರ್ 2003

ದೆಸ್ಪಿನಾ,

ನಿನ್ನ ಕಾಗದವನ್ನು ನಿನ್ನ ಅತ್ತೆ ಪಾರ್ಥೆನಾಳಿಗೆ ಎರಡು ಸಲ ಓದಿ ಹೇಳಿದೆ. ಅವಳ ಕಣ್ಣಿನ ಪೊರೆ ಬಲಿತಿದೆ, ನನ್ನ ಕಿವಿ ಹೋಗಿದೆ. ಅವಳಿಗೆ ಕಾಗದ ಕಾಣುವುದಿಲ್ಲ, ನನಗೆ ಫೋನಿನಲ್ಲಿ ಶಿಳ್ಳೆಯ ಹೊರತು ಏನೂ ಕೇಳುವುದಿಲ್ಲ. ಇಬ್ಬರನ್ನೂ ಸೇರಿಸಿದರೆ ಒಬ್ಬ ಮನುಷ್ಯನಾದೀತು.

ಪೈ ವಿಚಾರ. ಆ ಓವನಿನಲ್ಲಿ ಉರಿ ತಟ್ಟೆಗೆ ತೀರ ಹತ್ತಿರ, ಅದಕ್ಕೇ ಅಡಿ ಹತ್ತುತ್ತದೆ. ಹಳೆಯ ಹೆಂಚಿನ ತುಂಡೊಂದನ್ನು ಒಳಗಿಡು. ಮೊದಲು ಹೆಂಚು ಇಪ್ಪತ್ತು ನಿಮಿಷ ಕಾಯಲಿ, ಆಮೇಲೆ ಅದರ ಮೇಲೆ ತಟ್ಟೆ. ಅರ್ಧ ಬೆಂದ ಮೇಲೆ ತಿರುಗಿಸಿ ಇಡು, ಬಾಗಿಲ ಕಡೆ ಯಾವತ್ತೂ ತಣ್ಣಗಿರುತ್ತದೆ. ಸಿಲಿಂಡರ್ ತರುವಾಗ ಪ್ರೊಪೇನ್ ಎಂದು ಬಾಯಿಬಿಟ್ಟು ಕೇಳಬೇಕು. ಕೊಸ್ಮಾಸನನ್ನು ಕಳಿಸಿದರೆ ಬ್ಯೂಟೇನ್ ಹೊತ್ತು ತಂದಾನು. ಚಳಿ ಬಿದ್ದರೆ ಬ್ಯೂಟೇನ್ ಸಿಲಿಂಡರಿನೊಳಗೇ ಮುದುಡಿ ಕೂರುತ್ತದೆ, ಮೇಲೇಳುವುದಿಲ್ಲ. ಸಿಲಿಂಡರ್ ಬದಲಿಸಿದಾಗಲೆಲ್ಲ ಕೊಳವೆಯ ಕೀಲಿಗೆ ಸೋಪಿನ ನೀರು ಹಚ್ಚಿ ನೋಡು. ಗುಳ್ಳೆ ಬಂದರೆ ಬೆಂಕಿಕಡ್ಡಿ ಮುಟ್ಟಬೇಡ.

ಪಾರ್ಥೆನಾ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ, ಹಾಗೇ ಬರೆಯುತ್ತೇನೆ: "ಹಿಟ್ಟಿಗೆ ಒಂದು ಚಮಚ ವಿನಿಗರ್ ಹಾಕು ಅಂತ ಅವಳಿಗೆ ಹೇಳಿ. ಕಾಲ್ಚೀಲ ಬದಲಾಯಿಸು ಅಂತ ಅವನಿಗೆ ಹೇಳಿ."

ಗಾಳಿಕಂಡಿಯ ವಿಚಾರ ಯೋಚನೆ ಮಾಡುತ್ತೇನೆ. ಕೊರೆದದ್ದಕ್ಕೆ ಕಾರಣವಿದೆ. ಆದರೆ ದಿಂಬು ಒದ್ದೆಯಾಗುವುದೂ ಸರಿಯಲ್ಲ. ಚಳಿಗಾಲಕ್ಕೆ ಒಲೆಕೊಳವೆ ಕೇಳಿಕೊಂಡು ಜನ ಸಾಲುಗಟ್ಟಿದ್ದಾರೆ. ಅವರದು ಮುಗಿಸಿ ನಿನ್ನದಕ್ಕೆ ಕೈಹಾಕುತ್ತೇನೆ.

ಪ್ರೊದ್ರೊಮೊಸ್


ಎವಿಯಾ
9 ನವೆಂಬರ್ 2003

ಮಾವನವರಿಗೆ,

ಹೆಂಚು ಕೆಲಸ ಮಾಡಿತು. ಈಗ ಅಡಿ ಹತ್ತುವುದಿಲ್ಲ. ಕೊಸ್ಮಾಸನ ಹೆಸರಿನ ಸಂತರ ಹಬ್ಬಕ್ಕೆ ಆಲೂಗಡ್ಡೆ, ಕೋಳಿ ಓವನಿನಲ್ಲಿಟ್ಟು ಬೇಯಿಸಿದೆ. ಪಕ್ಕದ ದಿಣ್ಣೆಯಲ್ಲಿ ಪೆಟ್ಟಿಗೆ ಇಟ್ಟಿರುವ ಥನಾಸಿಸ್ ಅಣ್ಣನೂ ಬಂದಿದ್ದರು. ಮೂಳೆ ಚೀಪುತ್ತ, "ಈ ವ್ಯಾನನ್ನೇ ಹೋಟೆಲ್ ಮಾಡಿಬಿಡಿ, ಜೇನು ಯಾಕೆ?" ಅಂದರು.

ಚಳಿ ಬಂದಿದೆ. ಹಗಲು ಪರವಾಗಿಲ್ಲ. ಹಿಂದಿನ ವಾರ ಯಾರೋ ಥನಾಸಿಸ್ ಅಣ್ಣನ ಎಂಟು ಪೆಟ್ಟಿಗೆ ಹೊತ್ತುಕೊಂಡು ಹೋದರು. ಅಂದಿನಿಂದ ಕೊಸ್ಮಾಸ್ ಕಾಡು ಬಿಟ್ಟು ಕದಲುವುದಿಲ್ಲ. ಚಳಿಗಾಲ ಮುಗಿಯುವವರೆಗೆ ವೋಲೋಸಿನಲ್ಲಿ ತಂಗಿಯ ಮನೆಯ ಕೆಳಗಿನ ಕೋಣೆಗೆ ಹೋಗೋಣ ಅಂದೆ. ಆಗುವುದಿಲ್ಲ ಅಂದ. ಸಣ್ಣ ಮಾತು ಬಂತು, ಅಷ್ಟೆ. ಗಂಡಹೆಂಡಿರಲ್ಲಿ ಇರುವುದೇ.

ಬಿಡುವಾದರೆ ಮುಚ್ಚಳ ಮರೆಯಬೇಡಿ. ನೀರು ಈಗ ದಿಂಬಿನ ಮೇಲೆ ಮಂಜುಗಡ್ಡೆಯಾಗುತ್ತದೆ.

ದೆಸ್ಪಿನಾ


ಅಮಿಂದಿಯೋ
20 ಜನವರಿ 2004

ದೆಸ್ಪಿನಾ,

ಕೊಸ್ಮಾಸನ ನಲವತ್ತನೇ ದಿನದ ಪ್ರಾರ್ಥನೆ ಮುಗಿಸಿದೆವು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿಯನ್ನು ಪಾರ್ಥೆನಾ ತಾನೇ ಬೇಯಿಸಿದಳು, ಯಾರನ್ನೂ ಪಾತ್ರೆ ಮುಟ್ಟಗೊಡಲಿಲ್ಲ. ನಿನಗೆ ಬರಲಾಗದ್ದಕ್ಕೆ ಯಾರೂ ಏನೂ ಅಂದುಕೊಂಡಿಲ್ಲ. ಮಣ್ಣು ಮಾಡಿದ ದಿನ ನಿನ್ನನ್ನು ನೋಡಿದ್ದೇನೆ, ನಿಲ್ಲಲೂ ತ್ರಾಣವಿರಲಿಲ್ಲ.

ನಿನ್ನ ಹತ್ತಿರ ಒಂದು ಕೇಳಬೇಕು. ಆವತ್ತು ಜನರ ಮಧ್ಯೆ ಕೇಳಲಾಗಲಿಲ್ಲ.

ಪೊಲೀಸಿನವನು ಹೇಳಿದ್ದನ್ನು ನನ್ನ ಕಿವಿಯ ಹತ್ತಿರ ಕೂಗಿ ಕೂಗಿ ತಿಳಿಸಿದರು. ಓವನ್ ಹೊತ್ತಿಸಿ ಅದರ ಬಾಗಿಲು ತೆರೆದಿಟ್ಟಿತ್ತು, ಮೈ ಕಾಯಿಸಲು. ಕಿಟಕಿಗಳು ಮುಚ್ಚಿದ್ದವು. ಗಾಳಿಕಂಡಿಗೆ ಹೊಸ ತಗಡಿನ ಮುಚ್ಚಳ ಬಿಗಿದಿತ್ತು. ಮುಚ್ಚಿದ ಜಾಗದ ಉರಿಯಿಂದ ಏಳುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಹೋಗಿರುತ್ತಾನೆ, ನರಳಿಲ್ಲ, ಅಂದನಂತೆ. ಬೆಳಿಗ್ಗೆ ಥನಾಸಿಸ್ ಬಂದು ತಟ್ಟುವಾಗಲೂ ಓವನ್ ಉರಿಯುತ್ತಲೇ ಇತ್ತು.

ಆ ಮುಚ್ಚಳ ನಾನು ಮಾಡಿದ್ದು. ಅಂಚಿಗೆ ರಬ್ಬರ್ ಕೂಡ ಕೂರಿಸಿದ್ದೆ, ಒಂದು ಹನಿ ನುಸುಳಬಾರದು ಅಂತ. ಐವತ್ತು ವರ್ಷದಲ್ಲಿ ಅಷ್ಟು ಚೊಕ್ಕವಾದ ಕೆಲಸ ನಾಲ್ಕು ಮಾಡಿದ್ದರೆ ಹೆಚ್ಚು.

ಅದರ ಜೊತೆ ನಿನಗೊಂದು ಕಾಗದ ಬರೆದೆ, ಅದು ನೆನಪಿದೆ. ಏನು ಬರೆದೆ ಅನ್ನುವುದು ನೆನಪಿಲ್ಲ. ಒಲೆ ಹೊತ್ತಿಸುವಾಗ ಮುಚ್ಚಳ ತೆಗೆಯಬೇಕು ಅಂತ ಬರೆದೆನೋ ಇಲ್ಲವೋ? ಬಸ್ಸು ಹೊರಡುವ ಹೊತ್ತಾಗಿತ್ತು, ಅವಸರದಲ್ಲಿ ಬರೆದೆ. ಮೆಣಸಿನಕಾಯಿ ಹುರಿದು ಜಾಡಿಗೆ ತುಂಬಿದ ವಿಷಯ ಬರೆಸಿದ್ದು ಪಾರ್ಥೆನಾಗೆ ನೆನಪಿದೆ. ಉಳಿದದ್ದು ಅವಳಿಗೂ ಗೊತ್ತಿಲ್ಲ. ಬರೆದಿದ್ದರೆ ನೀನು ತಂಗಿಯ ಮನೆಗೆ ಹೋಗುವ ಮುಂಚೆ ನೀವಿಬ್ಬರೂ ಓದಿರುತ್ತಿದ್ದಿರಿ, ಅವನು ಹಾಗೆ ಮಾಡುತ್ತಿರಲಿಲ್ಲ. ಹಾಗಾದರೆ ಬರೆಯಲಿಲ್ಲ ಅಂತಲೇ ಅಲ್ಲವೇ? ಆ ಕಾಗದ ನಿನ್ನ ಹತ್ತಿರ ಇರಬೇಕು. ದಯವಿಟ್ಟು ತೆಗೆದು ನೋಡು.

ಪ್ರೊದ್ರೊಮೊಸ್


ವೋಲೋಸ್
3 ಫೆಬ್ರವರಿ 2004

ಮಾವನವರಿಗೆ,

ಕಾಗದ ಸಿಗಲಿಲ್ಲ. ವ್ಯಾನಿನಲ್ಲಿದ್ದ ವಸ್ತುಗಳನ್ನೆಲ್ಲ ಚೀಲಗಳಿಗೆ ತುಂಬಿಕೊಟ್ಟರು. ಹುಡುಕಿದೆ. ಅದರಲ್ಲಿ ಏನಿತ್ತೆಂದು ನನಗೂ ನೆನಪಿಲ್ಲ.

ನಿಮ್ಮ ತಪ್ಪು ಏನೂ ಇಲ್ಲ. ಹಾಗೆ ಅಂದುಕೊಳ್ಳಬೇಡಿ.

ದೆಸ್ಪಿನಾ


ಅಮಿಂದಿಯೋ
17 ಮಾರ್ಚ್ 2004

ಮಗಳೇ,

ನಿನ್ನ ಐದು ಸಾಲಿನ ಕಾಗದ ಓದಿ ನಾನು ತಿಳಿಯಬೇಕಾದ್ದನ್ನು ತಿಳಿದೆ. ನೀನು ಸುಳ್ಳು ಹೇಳುವವಳಲ್ಲ, ಹೇಳಿದರೆ ಗೊತ್ತಾಗಿಬಿಡುತ್ತದೆ. ಕಾಗದ ನಿನಗೆ ಸಿಕ್ಕಿದೆ. ಅದರಲ್ಲಿ ಮೆಣಸಿನಕಾಯಿಯ ಸಮಾಚಾರ ಇದೆ, ಮುಚ್ಚಳದ ಮಾತು ಇಲ್ಲ. ಮುದುಕನಿಗೆ ತೋರಿಸುವುದು ಬೇಡ ಅಂತ ಹರಿದು ಹಾಕಿದ್ದೀಯ. ನಿನ್ನ ಮನಸ್ಸು ದೊಡ್ಡದು. ಇನ್ನು ಕೇಳುವುದಿಲ್ಲ.

ಪಾರ್ಥೆನಾಗೆ ಹೇಳಿಬಿಟ್ಟೆ. ಬೇರೆಯವರಿಂದ ಅವಳ ಕಿವಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಆಮೇಲೆ, "ಊರಿನೋರ್ ಮನೆ ಒಲೆಗೆಲ್ಲ ಹತ್ತು ಸಲ ಬುದ್ಧಿ ಹೇಳ್ತಿದ್ರಿ. ಮಗನಿಗೆ ಒಂದು ಸಾಲು ಬರೆಯೋಕೆ ಆಗ್ಲಿಲ್ವಾ?" ಅಂದಳು. ಅದೇ ಕೊನೆಯ ಮಾತು. ಈಗ ನನ್ನ ಊಟ ಒಲೆಯ ಮೇಲಿಟ್ಟು ಮುಚ್ಚಿ ಒಳಕೋಣೆಗೆ ಹೋಗುತ್ತಾಳೆ. ನಾನು ಕೆಪ್ಪ, ಅವಳು ಮಾತಾಡುವುದಿಲ್ಲ. ಹೊರಗಿನವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಅಂಗಡಿ ಮುಚ್ಚಿದೆ. ಕತ್ತರಿ, ಸುತ್ತಿಗೆ, ಬೆಸುಗೆ ಕಡ್ಡಿ ಎಲ್ಲ ಎಣ್ಣೆ ಹಚ್ಚಿ ಪೆಟ್ಟಿಗೆಗೆ ಹಾಕಿದೆ. ಕೈ ಮೊದಲಿನಂತೆಯೇ ಗಟ್ಟಿ ಇದೆ. ತಗಡು ಮುಟ್ಟಲು ಮನಸ್ಸಿಲ್ಲ.

ನೀನು ಸರಿಯಾಗಿ ಊಟ ಮಾಡು.

ಪ್ರೊದ್ರೊಮೊಸ್


ವೋಲೋಸ್
2 ಮೇ 2004

ಮಾವ,

ಈ ಲಕೋಟೆಯೊಳಗೆ ನಿಮ್ಮ ಕಾಗದ ಇಟ್ಟಿದ್ದೇನೆ. ನವೆಂಬರ್ ಇಪ್ಪತ್ನಾಲ್ಕರದು. ಮೊದಲು ಅದನ್ನು ಓದಿ. ಮೂರನೆಯ ಸಾಲಿಗೆ ನೀವೇ ಎರಡು ಸಲ ಅಡಿಗೆರೆ ಎಳೆದಿದ್ದೀರಿ: "ಉರಿ ಹೊತ್ತಿಸುವ ಮುಂಚೆ ಮುಚ್ಚಳ ಕೈಗೆ ಬರಬೇಕು. ಮರೆತರೆ ಬೆಳಿಗ್ಗೆ ಏಳುವುದಿಲ್ಲ. ಇದನ್ನು ಕೊಸ್ಮಾಸನಿಗೆ ಓದಿ ಹೇಳು, ಅವನ ಬಾಯಿಂದ ತಿರುಗಿ ಹೇಳಿಸು." ಮೆಣಸಿನಕಾಯಿ ಅದರ ಕೆಳಗಿದೆ.

ನಾನು ಓದಿ ಹೇಳಲಿಲ್ಲ.

ಸಣ್ಣ ಮಾತು ಅಂತ ಬರೆದಿದ್ದೆನಲ್ಲ, ಸಣ್ಣದಾಗಿರಲಿಲ್ಲ. ಇಪ್ಪತ್ತು ದಿನ ಎಳೆಯಿತು. ನವೆಂಬರ್ ಇಪ್ಪತ್ತೇಳರ ಬೆಳಿಗ್ಗೆ ಊಟದ ನಡುವೆ ನಾನು, "ನಿನಗೆ ಹೆಂಡತಿ ಬೇಡ, ಕಾವಲುನಾಯಿ ಸಾಕು" ಅಂದೆ. ಅವನು, "ನಾಯಿಯಾದ್ರೆ ಗೊಣಗಲ್ಲ" ಅಂದ. ಎದ್ದು ಕೋಟು ಹಾಕಿಕೊಂಡು ರಸ್ತೆಗೆ ಇಳಿದೆ. ಕಾಫಿ ಅಂಗಡಿಯ ಮುಂದೆ ತಂಗಿಯ ಊರಿನ ಬಸ್ಸಿಗೆ ಕಾಯುತ್ತಿದ್ದಾಗ ಮುಚ್ಚಳ, ಮೆಣಸಿನಕಾಯಿ ಜಾಡಿ ಇದ್ದ ನಿಮ್ಮ ಡಬ್ಬಿ ಬಂತು. ಡಬ್ಬಿಯನ್ನು ಅಂಗಡಿಯವನ ಕೈಗೆ ಕೊಟ್ಟು, ಕೊಸ್ಮಾಸ್ ಬಂದರೆ ಕೊಡಿ ಅಂದೆ. ಲಕೋಟೆಯ ಮೇಲೆ ನನ್ನ ಹೆಸರಿತ್ತು, ಜೇಬಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಕೂತು ಓದಿದೆ.

ನಿಮಗೆ ತಿಳಿಸದ ಇನ್ನೊಂದು ವಿಷಯವೂ ಇದೆ. ಅಕ್ಟೋಬರಿನಿಂದಲೇ ದಿನಾ ಬೆಳಿಗ್ಗೆ ಓವನ್ ಹೊತ್ತಿಸಿ ಬಾಗಿಲು ತೆಗೆದು ಕೈಕಾಲು ಕಾಯಿಸಿಕೊಳ್ಳುತ್ತಿದ್ದೆವು. ನಿಮಗೆ ಹೇಳಿದರೆ ಬೈಯುತ್ತೀರೆಂದು ಬರೆಯಲಿಲ್ಲ. ಆಗ ಕಂಡಿ ತೆರೆದಿರುತ್ತಿತ್ತು. ಅದಕ್ಕೇ ನಿಮ್ಮ ಸಾಲನ್ನು ಬಸ್ಸಿನಲ್ಲೇ ಮೂರು ಸಲ ಓದಿದೆ. ಹಡಗಿನಲ್ಲಿ ಸಮುದ್ರ ದಾಟಿದ ಮೇಲೆ ಫೋನ್ ಮಾಡಬೇಕು ಅಂದುಕೊಂಡೆ. ಅವನ ಮೊಬೈಲ್ ಕಾಡಿನಲ್ಲಿ ಸಿಗುವುದಿಲ್ಲ, ಆದರೆ ಕಾಫಿ ಅಂಗಡಿಯ ನಂಬರ್ ನನಗೆ ಬಾಯಿಪಾಠ.

ದಡ ಮುಟ್ಟಿದಾಗ, ಅವನೇ ಮೊದಲು ಮಾಡಲಿ ಅನ್ನಿಸಿತು. ಶುಕ್ರವಾರ ತಂಗಿ, "ಏನಕ್ಕಾ, ಫೋನನ್ನೇ ನೋಡ್ತಾ ಕೂತಿದೀಯ?" ಅಂತ ಕೇಳಿದಳು. ಏನಿಲ್ಲ ಅಂದೆ. ಶನಿವಾರ ಕಾದೆ. ಭಾನುವಾರವೂ ಕಾದೆ. ಸೋಮವಾರ ಫೋನ್ ಬಂತು, ಥನಾಸಿಸ್ ಅಣ್ಣನದು.

ನಾನು ಮೂರು ದಿನ ಸುಮ್ಮನಿದ್ದದ್ದಕ್ಕೆ ಅವನು ಹೋದ. ಆಮೇಲೆ ಮೂರು ತಿಂಗಳು ಸುಮ್ಮನಿದ್ದು ನಿಮ್ಮನ್ನೂ ಅತ್ತೆಯನ್ನೂ ಮುರಿದೆ. ನನ್ನ ಮನಸ್ಸು ದೊಡ್ಡದು ಅಂತ ಬರೆದಿದ್ದೀರಿ. ಆ ಕಾಗದವನ್ನು ಓದಲು ನನ್ನಿಂದ ಆಗುತ್ತಿಲ್ಲ. ಅತ್ತೆಗೆ ಇದನ್ನು ಓದಿ ಹೇಳಿ.

ದೆಸ್ಪಿನಾ


ಅಮಿಂದಿಯೋ
28 ಆಗಸ್ಟ್ 2004

ದೆಸ್ಪಿನಾ,

ನಾಲ್ಕು ತಿಂಗಳು ಉತ್ತರಿಸಲಿಲ್ಲ. ಸುಳ್ಳು ನೆಪ ಹೇಳುವುದಿಲ್ಲ, ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಕಾಗದವನ್ನು ಮುಚ್ಚಿದ ಅಂಗಡಿಯಲ್ಲಿ ಕೂತು ಓದಿದೆ. ನನ್ನ ಅಕ್ಷರ, ಅದರ ಕೆಳಗಿನ ಎರಡು ಗೆರೆ ಕಂಡಾಗ ಮೊದಲು ಆದದ್ದು ಸಮಾಧಾನ. ಹೊಟ್ಟೆ ಹಸಿದವನಿಗೆ ಅನ್ನ ಕಂಡಂತೆ. ಮಗನನ್ನು ಕಳೆದುಕೊಂಡವನಿಗೆ ಇಂಥ ಸಮಾಧಾನವೂ ಉಂಟೇ ಎಂದು ನಾಚಿಕೆಯಾಯಿತು. ಮಾರನೇ ದಿನದಿಂದ ಸಿಟ್ಟು. ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಂಗಡಿಯೊಳಗೆ ಒಬ್ಬನೇ ಇದ್ದೆ, ಗಟ್ಟಿಯಾಗಿಯೇ ಬೈದೆ. ನನಗೇ ಕೇಳಿಸುವಷ್ಟು ಗಟ್ಟಿಯಾಗಿ. ಒಂದು ಫೋನ್. ಮೂರು ದಿನದಲ್ಲಿ ಒಂದು ಫೋನ್. ಬೇಸಿಗೆಯೆಲ್ಲ ಅದನ್ನೇ ಜಗಿದೆ.

ಜಗಿಯುತ್ತಿರುವಾಗ ಬೇರೊಂದು ನೆನಪಿಗೆ ಬಂತು. ನನಗೆ ಅದು ಬೇಕಿರಲಿಲ್ಲ.

ಕೊಸ್ಮಾಸನಿಗೆ ಒಂಬತ್ತು ವರ್ಷ. ಹಿಂದಿನ ಬೀದಿಯಲ್ಲಿ ಗಣಿ ಕೆಲಸದ ಇಬ್ಬರು ಇದ್ದಿಲು ಅಗ್ಗಿಷ್ಟಿಕೆ ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಮಲಗಿ ಸತ್ತರು. ಆ ಮನೆಗೆ ಹೊಗೆಕೊಳವೆ ಹಾಕಲು ನನ್ನನ್ನು ಕರೆದರು. ಅವನೂ ಬಂದ, ಮೊಳೆ ಡಬ್ಬಿ ಹಿಡಿದುಕೊಂಡು. "ಅವ್ರು ಕಿಟಕಿ ಯಾಕೆ ತೆಗೀಲಿಲ್ಲಪ್ಪ?" ಅಂದ. ಬೆಂಕಿಯೂ ಉಸಿರಾಡುತ್ತದೆ, ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರನ್ನೂ ಅದೇ ತಿನ್ನುತ್ತದೆ ಅಂತ ಹೇಳಿದೆ. ಆ ಚಳಿಗಾಲ ಪೂರ್ತಿ ಅವನಮ್ಮ ಮೀನು ಹುರಿದರೂ ಸಾಕು, ಓಡಿ ಹೋಗಿ ಕಿಟಕಿ ತೆಗೆಯುತ್ತಿದ್ದ, ಹೊಡೆತ ತಿನ್ನುತ್ತಿದ್ದ.

ಅವನು ತಗಡಿನವನ ಮಗ, ದೆಸ್ಪಿನಾ. ಅವನಿಗೆ ಗೊತ್ತಿತ್ತು. ನನ್ನ ಸಾಲು ಬೇಕಿರಲಿಲ್ಲ, ನಿನ್ನ ಫೋನ್ ಬೇಕಿರಲಿಲ್ಲ. ಚಳಿ, ದಣಿವು, ಐದು ನಿಮಿಷ ಕಾಯಿಸಿಕೊಂಡು ಆರಿಸೋಣ ಅಂದುಕೊಂಡಿರುತ್ತಾನೆ, ಕಣ್ಣು ಹತ್ತಿದೆ. ಸತ್ತವನ ಮೇಲೆ ತಪ್ಪು ಹೊರಿಸಲು ನಮ್ಮಿಬ್ಬರಿಗೂ ಮನಸ್ಸಿಲ್ಲ. ಅದಕ್ಕೇ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ನಾವೇ ಹೊರುತ್ತಿದ್ದೇವೆ.

ಪಾರ್ಥೆನಾಗೆ ಓದಿ ಹೇಳಿಲ್ಲ, ಹೇಳುವುದೂ ಇಲ್ಲ. ಮಗನಿಗೆ ಗೊತ್ತಿತ್ತು ಅನ್ನುವುದನ್ನು ಅವಳು ತಡೆಯಲಾರಳು. ತಪ್ಪು ಸೊಸೆಯದು ಅನ್ನುವುದೂ ಬೇಡ. ನನ್ನದು ಅಂತಲೇ ಇರಲಿ, ಹೇಗೂ ಅಭ್ಯಾಸವಾಗಿದೆ. ಡಿಸೆಂಬರಿನಲ್ಲಿ ವರ್ಷದ ಪ್ರಾರ್ಥನೆಗೆ ಬಾ.

ಪ್ರೊದ್ರೊಮೊಸ್


ವೋಲೋಸ್
10 ಸೆಪ್ಟೆಂಬರ್ 2004

ಮಾವ,

ಬರುತ್ತೇನೆ. ಆದರೆ ನಿಮ್ಮ ಮಾತು ನಡೆಸಲಾರೆ. ಅತ್ತೆ ನಿಮಗೆ ತಟ್ಟೆ ಮುಚ್ಚಿಟ್ಟು ಒಳಗೆ ಹೋಗುವುದು ಗೊತ್ತಿದ್ದೂ ಆ ಮನೆಯಲ್ಲಿ ಕೂತು ಗೋಧಿ ತಿನ್ನಲು ನನ್ನಿಂದಾಗದು. ಇದರ ಜೊತೆ ಅತ್ತೆಯ ಹೆಸರಿಗೆ ಬೇರೆ ಕಾಗದ ಇಟ್ಟಿದ್ದೇನೆ. ಬಸ್ಸು, ಲಕೋಟೆ, ಮೂರು ದಿನ, ಎಲ್ಲ ಇದೆ. ನೀವು ಓದದಿದ್ದರೆ ನಾನೇ ಬಂದು ಹೇಳುತ್ತೇನೆ. ಅವನಿಗೆ ಗೊತ್ತಿತ್ತು ಅನ್ನುವುದನ್ನು ಬರೆದಿಲ್ಲ. ಅದು ನಿಮಗೆ ಬಿಟ್ಟದ್ದು.

ದೆಸ್ಪಿನಾ


ಅಮಿಂದಿಯೋ
4 ಅಕ್ಟೋಬರ್ 2004

ದೆಸ್ಪಿನಾ,

ಎರಡು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೋದ ಗುರುವಾರ ಓದಿದೆ. ಪಾರ್ಥೆನಾ ಮೆಣಸಿನಕಾಯಿ ಪೋಣಿಸುತ್ತಿದ್ದಳು. ನಾನು ಎದುರಿಗೆ ಕೂತಾಗ ಎದ್ದು ಹೋಗಲು ನೋಡಿದಳು. "ನಿನ್ನ ಹೆಸರಿಗೆ ಬಂದಿದೆ" ಅಂದೆ. ಕೂತಳು.

ಓದಿ ಮುಗಿಸಿದೆ. "ಇನ್ನೊಂದ್ ಸಲ ಓದಿ" ಅಂದಳು. ಮತ್ತೆ ಓದಿದೆ. ದಾರ, ಸೂಜಿ ಮಡಿಲಲ್ಲೇ ಇದ್ದವು. ಅವನ್ನು ಪಕ್ಕಕ್ಕಿಟ್ಟು ಎದ್ದು ಬಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು. ಏಳು ತಿಂಗಳಾಗಿತ್ತು ಅವಳ ದನಿ ಕೇಳಿ.

"ಮೂರು ದಿನ ಫೋನ್ ಮಾಡ್ಲಿಲ್ವಂತಾ?"

"ಇಲ್ಲ."

"ಅವನೇ ಮೊದ್ಲು ಮಾಡ್ಲಿ ಅಂತ."

"ಹೌದು."

"ನಾನೂ ಇಷ್ಟ್ ದಿನ ಅದನ್ನೇ ತಾನೆ ಮಾಡಿದ್ದು ನಿಮ್ ಜೊತೆ" ಅಂದಳು.

ನಿನ್ನನ್ನು ಕ್ಷಮಿಸಿದ್ದಾಳೆಂದು ನಾನು ಬರೆಯಲಾರೆ. ಹಾಗೆ ಅವಳು ಹೇಳಿಲ್ಲ. ಆ ರಾತ್ರಿ ಎರಡು ತಟ್ಟೆ ಇಟ್ಟಳು. ನನ್ನ ಎದುರಿಗೇ ಕೂತು ಉಂಡಳು. ಅವನಿಗೆ ಗೊತ್ತಿತ್ತು ಅನ್ನುವುದನ್ನು ನಾನೂ ಹೇಳಲಿಲ್ಲ. ಆದರೆ ಆ ಮೀನು, ಆ ಕಿಟಕಿ ಅವಳಿಗೂ ನೆನಪಿರದೆ ಇರುತ್ತದೆಯೇ?

ಮಲಗುವ ಮುಂಚೆ ಒಂದು ಮಾತು ಹೇಳಿದಳು, ಅವಳ ಬಾಯಿಂದ ಬಂದ ಹಾಗೇ ಬರೆಯುತ್ತಿದ್ದೇನೆ: "ಅವಳನ್ನ ಒಂದು ಕೇಳಿ. ಪೊಲೀಸ್ನೋರು ಗಾಳಿ ಅಂದ್ರು, ಕಿಟಕಿ ಅಂದ್ರು, ಮುಚ್ಚಳ ಅಂದ್ರು. ಆ ರಾತ್ರಿ ನನ್ ಮಗ ಊಟ ಮಾಡಿ ಮಲಗಿದ್ನಾ ಅಂತ ಯಾರೂ ಹೇಳ್ಲಿಲ್ಲ."

ಪ್ರೊದ್ರೊಮೊಸ್


ವೋಲೋಸ್
12 ಅಕ್ಟೋಬರ್ 2004

ಅತ್ತೆಗೆ,

ಊಟ ಮಾಡಿ ಮಲಗಿದ್ದ. ವಸ್ತುಗಳನ್ನು ತುಂಬಿಕೊಡುವ ದಿನ ನಾನೂ ಥನಾಸಿಸ್ ಅಣ್ಣನೊಂದಿಗೆ ವ್ಯಾನಿನೊಳಗೆ ಹೋಗಿದ್ದೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಪಾತ್ರೆಯಲ್ಲಿ ಬೀನ್ಸ್ ಕಾಳಿನ ಸಾರು ತಳದಲ್ಲಿ ಒಂದಿಷ್ಟು ಉಳಿದಿತ್ತು. ಕ್ಯಾರೆಟ್ ದಪ್ಪ ದಪ್ಪ ಹೆಚ್ಚಿದ್ದ. ಅರ್ಧ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ನಿಮ್ಮ ಮೆಣಸಿನಕಾಯಿಯ ಜಾಡಿ ಮುಕ್ಕಾಲು ಖಾಲಿ.

ನಾನಿದ್ದ ಆರು ವರ್ಷದಲ್ಲಿ ಒಂದು ದಿನವೂ ತಟ್ಟೆ ತೊಳೆದವನಲ್ಲ. ಆವತ್ತು ತೊಳೆದು, ಒರೆಸಿ, ಬಟ್ಟೆಯ ಮೇಲೆ ಬೋರಲು ಹಾಕಿದ್ದ. ಎರಡು ತಟ್ಟೆ, ಎರಡು ಚಮಚ. ಎರಡನೆಯದು ನನ್ನದು. ಹೊರಟ ದಿನ ಅರ್ಧ ಊಟದಲ್ಲಿ ಹಾಗೇ ಬಿಟ್ಟು ಬಂದಿದ್ದೆ.

ದೆಸ್ಪಿನಾ